ಕೀಲುನೋವಿಗೆ ಅರಿಶಿನ: ಅಡುಗೆಯ ಪುಡಿಯೇ ಬೇರೆ, ಗುಳಿಗೆಯ ಸತ್ವವೇ ಬೇರೆ

ನಾಟಿ ಮಾಡುವುದು, ಕಳೆ ತೆಗೆಯುವುದು, ಹಾಲು ಕರೆಯುವುದು, ಹೊರೆ ಹೊರುವುದು, ಹೀಗೆ ಬೇಸಾಯದ ಯಾವ ಕೆಲಸವನ್ನು ತೆಗೆದುಕೊಂಡರೂ ಅದರ ಭಾರ ಕೊನೆಗೆ ಬೀಳುವುದು ಮಂಡಿ, ಸೊಂಟ ಮತ್ತು ಬೆರಳಿನ ಗಂಟುಗಳ ಮೇಲೆ. ನಲವತ್ತೈದು ದಾಟಿದ ರೈತರಲ್ಲಿಯೂ ರೈತ ಮಹಿಳೆಯರಲ್ಲಿಯೂ ಕೀಲುನೋವಿನ ಮಾತು ಬಾರದ ಮನೆ ಅಪರೂಪ. ನೋವು ತಿಂಗಳುಗಟ್ಟಲೆ ಬಿಡದೆ ಕಾಡಿದಾಗ ಆಸ್ಪತ್ರೆಗೆ ಹೋಗಲು ಪುರುಸೊತ್ತಿಲ್ಲದೆ ಸಂತೆಯಲ್ಲಿ ಸಿಗುವ ಪುಡಿ, ಅಂಗಡಿಯ ಅರಿಶಿನದ ಗುಳಿಗೆ, ಯಾರೋ ಹೇಳಿದ ಕಷಾಯ ಇವುಗಳ ಮೊರೆ ಹೋಗುವುದು ಸಾಮಾನ್ಯ. "ಗಿಡಮೂಲಿಕೆ ತಾನೆ, ಗುಣವಾಗದಿದ್ದರೂ ಕೆಡುಕಂತೂ ಇಲ್ಲ" ಎಂಬ ನಂಬಿಕೆಯೇ ಇದಕ್ಕೆ ಕಾರಣ.

ಈ ನಂಬಿಕೆ ಅರ್ಧ ಮಾತ್ರ ಸರಿ. ಸಾರಿಗೆ ಹಾಕುವ ಅರಿಶಿನ ಆಹಾರ. ಗುಳಿಗೆಯಲ್ಲಿ ತುಂಬಿದ ಅರಿಶಿನದ ಸತ್ವ ಔಷಧಿಯಂತೆ ಕೆಲಸ ಮಾಡುವ ವಸ್ತು. ಔಷಧಿಗೆ ಇರುವಂತೆಯೇ ಅದಕ್ಕೂ ಪ್ರಮಾಣ, ಪಥ್ಯ ಮತ್ತು ಅಪಾಯಗಳಿವೆ. ಹೆಸರಿಲ್ಲದ ಪೊಟ್ಟಣದ ಪುಡಿಯಲ್ಲಿ ಏನಿದೆಯೆಂದು ಕೊಂಡವರಿಗೆ ತಿಳಿಯುವುದೇ ಇಲ್ಲ. ಈ ಮೂರನ್ನೂ ಒಂದೇ ಎಂದು ಎಣಿಸುವುದರಿಂದ ಆಗುವ ಹಾನಿಯನ್ನು ತಪ್ಪಿಸುವ ಬಗೆಯನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ಉರಿಯೂತ ಎಂದರೇನು?

ಹಸುವಿಗೆ ಕೆಚ್ಚಲು ಬಾವು ಬಂದಾಗ ಏನಾಗುತ್ತದೆಂಬುದು ಹೈನುಗಾರರಿಗೆಲ್ಲ ಗೊತ್ತು. ಕೆಚ್ಚಲು ಕೆಂಪಾಗುತ್ತದೆ, ಬಿಸಿಯೇರುತ್ತದೆ, ಊದಿಕೊಳ್ಳುತ್ತದೆ, ಮುಟ್ಟಿದರೆ ಹಸು ಒದೆಯುತ್ತದೆ, ಹಾಲು ಇಳಿಯುತ್ತದೆ. ಒಳಹೊಕ್ಕ ರೋಗಾಣುಗಳೊಡನೆ ದೇಹ ನಡೆಸುವ ಹೋರಾಟದ ಗುರುತುಗಳಿವು. ಇದಕ್ಕೇ ಉರಿಯೂತವೆಂದು ಹೆಸರು. ಮುಳ್ಳು ಚುಚ್ಚಿದ ಕಾಲು ಊದಿಕೊಂಡು ನಾಲ್ಕು ದಿನಗಳಲ್ಲಿ ಇಳಿಯುವುದೂ ಇದೇ ಬಗೆಯದು. ಈ ಅಲ್ಪಕಾಲದ ಉರಿಯೂತ ದೇಹಕ್ಕೆ ಉಪಕಾರಿ.

ಆದರೆ ಬಾವು ಪೂರ್ತಿ ವಾಸಿಯಾಗದೆ ಒಳಗೊಳಗೇ ಉಳಿದುಕೊಂಡರೆ ಕೆಚ್ಚಲು ಕ್ರಮೇಣ ಗಟ್ಟಿಯಾಗಿ ಆ ಮೊಲೆ ಬತ್ತಿಹೋಗುತ್ತದೆಯಷ್ಟೆ. ಮನುಷ್ಯರ ಕೀಲುಗಳಲ್ಲಿಯೂ ಹಾಗೆಯೇ. ತಿಂಗಳು, ವರ್ಷಗಳ ಕಾಲ ಆರದೆ ಉಳಿಯುವ ದೀರ್ಘಕಾಲದ ಉರಿಯೂತ ಕೀಲಿನ ಒಳಪೊರೆಯನ್ನೂ ಮೃದ್ವಸ್ಥಿಯನ್ನೂ ಸವೆಸುತ್ತದೆ. ಹೀಗೆ ಸವೆದ ಕೀಲನ್ನು ಯಾವ ಮೂಲಿಕೆಯೂ ಮೊದಲಿನಂತೆ ಮಾಡಲಾರದು. ಆದುದರಿಂದ ನೋವು ಅಡಗಿಸುವುದಕ್ಕಿಂತ ಮೊದಲು ನೋವಿನ ಕಾರಣ ತಿಳಿಯಬೇಕು.

ಕೀಲುನೋವೆಲ್ಲ ಒಂದೇ ಅಲ್ಲ

ಬೆಳೆಯ ಎಲೆ ಹಳದಿಯಾದರೆ ಕಾರಣ ಸಾರಜನಕದ ಕೊರತೆಯೋ, ಬೇರು ಕೊಳೆಯೋ, ನಂಜು ರೋಗವೋ ಎಂದು ನೋಡಿಯೇ ಉಪಚಾರ ಮಾಡುತ್ತೇವೆ. ಕೀಲುನೋವಿಗೂ ಹಲವು ಕಾರಣಗಳಿವೆ. ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣುವವು ಇವು:

1. ಸವೆತದ ಕೀಲುನೋವು: ವಯಸ್ಸಾದವರಲ್ಲಿ, ಮೈತೂಕ ಹೆಚ್ಚಿರುವವರಲ್ಲಿ, ಕುಕ್ಕರಗಾಲಿನ ಕೆಲಸ ಹೆಚ್ಚು ಮಾಡಿದವರಲ್ಲಿ ಮಂಡಿಗೆ ಬರುತ್ತದೆ. ನಡೆದಾಗ ಮತ್ತು ಮೆಟ್ಟಿಲು ಹತ್ತಿದಾಗ ನೋವು ಹೆಚ್ಚು, ಕುಳಿತರೆ ಕಡಿಮೆ. ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲುತ್ತದೆ.

2. ಆಮವಾತ ಅಥವಾ ರುಮಟಾಯ್ಡ್ ಸಂಧಿವಾತ: ದೇಹದ ರಕ್ಷಣಾ ಶಕ್ತಿಯೇ ತನ್ನ ಕೀಲುಗಳ ಮೇಲೆ ತಿರುಗಿಬೀಳುವ ರೋಗ. ಹೆಂಗಸರಲ್ಲಿ ಹೆಚ್ಚು. ಎರಡೂ ಕೈಗಳ ಬೆರಳಿನ ಗಂಟುಗಳು ಮತ್ತು ಮಣಿಕಟ್ಟು ಒಟ್ಟಿಗೆ ಊದುತ್ತವೆ. ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಆಗುವುದಿಲ್ಲ. ಈ ಬಿಗಿತ ಒಂದು ಗಂಟೆಗೂ ಮೀರಿ ಇರುತ್ತದೆ. ಇದು ಅತ್ಯಂತ ಎಚ್ಚರಿಕೆಯಿಂದ ಗಮನಿಸಬೇಕಾದ ರೋಗ. ಮೊದಲ ಒಂದೆರಡು ವರ್ಷಗಳಲ್ಲಿಯೇ ಕೀಲು ಸವೆದು ಬೆರಳುಗಳು ಸೊಟ್ಟಗಾಗಬಹುದು. ಬೇಗನೆ ಸರಿಯಾದ ಔಷಧಿ ಆರಂಭಿಸಿದರೆ ಈ ಅಂಗವಿಕಲತೆಯನ್ನು ಬಹುಮಟ್ಟಿಗೆ ತಡೆಯಬಹುದು.

3. ಯೂರಿಕ್ ಆಮ್ಲದ ಕೀಲುನೋವು: ಕಾಲಿನ ಹೆಬ್ಬೆರಳಿನ ಬುಡ ರಾತ್ರೋರಾತ್ರಿ ಕೆಂಪೇರಿ, ಹೊದಿಕೆ ತಾಗಿದರೂ ಸಹಿಸಲಾಗದಷ್ಟು ನೋಯುತ್ತದೆ.

4. ಚಿಕೂನ್‌ಗುನ್ಯಾ ನಂತರದ ನೋವು: 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದಾಗ ಈ ನೋವಿನ ಪರಿಚಯ ಅನೇಕರಿಗೆ ಆಯಿತು. ಜ್ವರ ಬಿಟ್ಟ ಮೇಲೂ ಕೀಲುನೋವು ತಿಂಗಳುಗಟ್ಟಲೆ ಉಳಿಯುವುದುಂಟು. ಹೆಚ್ಚಿನವರಲ್ಲಿ ಅದು ನಿಧಾನವಾಗಿ ತಾನೇ ಇಳಿಯುತ್ತದೆ.

5. ಕಂದು ರೋಗ: ಇದು ದನಕರುಗಳಿಂದ ಮನುಷ್ಯರಿಗೆ ಹರಡುವ ರೋಗ. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಿಂದ ಮುಟ್ಟಿದವರಿಗೆ, ಕಾಯಿಸದ ಹಾಲು ಕುಡಿದವರಿಗೆ ಬರಬಹುದು. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲುಗಳ ನೋವು ಇದರ ಲಕ್ಷಣ. ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ, ಸಾಮಾನ್ಯವಾಗಿ ಆರು ವಾರಗಳ ಔಷಧಿಯಿಂದ ಗುಣವಾಗುತ್ತದೆ. ವೈದ್ಯರ ಬಳಿ ಹೋದಾಗ ಮನೆಯಲ್ಲಿ ದನಗಳಿವೆಯೆಂಬುದನ್ನು ಮರೆಯದೆ ಹೇಳಬೇಕು.

6. ಫ್ಲೋರೈಡ್ ನೀರಿನ ನೋವು: ಕೋಲಾರ, ಪಾವಗಡ, ಮುಂಡರಗಿ ಮೊದಲಾದ ಕಡೆಗಳಲ್ಲಿ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ಕಂಡುಬಂದಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದಿದ್ದರೂ 1.5 ಮಿಲಿಗ್ರಾಂ ಕೊನೆಯ ಮಿತಿ. ಇಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನು, ಕುತ್ತಿಗೆ, ಮಂಡಿ ಬಿಗಿದುಕೊಳ್ಳುತ್ತವೆ. ಇಲ್ಲಿ ಬದಲಾಯಿಸಬೇಕಾದದ್ದು ಕುಡಿಯುವ ನೀರನ್ನು.

ಈ ಆರಕ್ಕೂ ಒಂದೇ ಪುಡಿ ನುಂಗಿದರೆ ಪ್ರಯೋಜನವೇನು? ಆಮವಾತವಾದವರು ಒಂದು ವರ್ಷ ಅರಿಶಿನದ ಗುಳಿಗೆಯಲ್ಲಿಯೇ ಕಳೆದರೆ ಬೆರಳುಗಳನ್ನು ಉಳಿಸಿಕೊಳ್ಳುವ ಕಾಲವೇ ಕೈತಪ್ಪಿ ಹೋಗುತ್ತದೆ. ಕುಡುಗೋಲು ಹಿಡಿಯಬೇಕಾದ ಕೈಗೆ ಇದು ಸಣ್ಣ ನಷ್ಟವಲ್ಲ.

ಅರಿಶಿನದಲ್ಲಿ ಇರುವುದೇನು?

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ವಸ್ತುವಿಗೆ ಕುರ್ಕುಮಿನ್ ಎಂದು ಹೆಸರು. 1815ರಲ್ಲಿ ಇದನ್ನು ಮೊದಲು ಬೇರ್ಪಡಿಸಲಾಯಿತು. ಉರಿಯೂತವನ್ನು ತಗ್ಗಿಸುವ ಗುಣ ಇದಕ್ಕಿದೆಯೆಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಆದರೆ ಒಣ ಅರಿಶಿನದಲ್ಲಿ ಕುರ್ಕುಮಿನ್ ಇರುವುದು ನೂರಕ್ಕೆ ಸುಮಾರು 3 ಭಾಗ ಮಾತ್ರ. ತಳಿಗೆ ತಕ್ಕಂತೆ ಇದು ಹೆಚ್ಚು ಕಡಿಮೆಯಾಗುತ್ತದೆ. ಕೋಳಿಕೋಡಿನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಪ್ರಭಾ, ಪ್ರತಿಭಾ ತಳಿಗಳಲ್ಲಿ ನೂರಕ್ಕೆ 6 ಭಾಗವನ್ನೂ ಮೀರುತ್ತದೆ.

ಈಗ ಒಂದು ಸುಲಭ ಲೆಕ್ಕ ನೋಡೋಣ. ಒಂದು ಸಣ್ಣ ಚಮಚ ಅರಿಶಿನ ಪುಡಿ ಸುಮಾರು 3 ಗ್ರಾಂ ತೂಗುತ್ತದೆ. ಅದರಲ್ಲಿ ಇರುವ ಕುರ್ಕುಮಿನ್ ಸುಮಾರು 90 ಮಿಲಿಗ್ರಾಂ. ಅಂಗಡಿಯಲ್ಲಿ ಸಿಗುವ ಅರಿಶಿನ ಸತ್ವದ ಒಂದು ಗುಳಿಗೆ ಸಾಮಾನ್ಯವಾಗಿ 500 ಮಿಲಿಗ್ರಾಂ. ಅದರಲ್ಲಿ ನೂರಕ್ಕೆ 95 ಭಾಗ ಕುರ್ಕುಮಿನ್ ವರ್ಗದ ವಸ್ತುವಿದ್ದರೆ 475 ಮಿಲಿಗ್ರಾಂ ಆಯಿತು. ಎಂದರೆ ಒಂದು ಗುಳಿಗೆ ಸುಮಾರು 16 ಗ್ರಾಂ, ಅಂದಾಜು ಐದು ಚಮಚ ಅರಿಶಿನಕ್ಕೆ ಸಮ. ದಿನಕ್ಕೆ ಎರಡು ಗುಳಿಗೆ ನುಂಗುವವರು ಹತ್ತು ಚಮಚ ಅರಿಶಿನದ ಕುರ್ಕುಮಿನ್ ತಿಂದಂತೆ. ನಮ್ಮ ಹಿರಿಯರು ಯಾರೂ ಸಾರಿಗೆ ಹತ್ತು ಚಮಚ ಅರಿಶಿನ ಹಾಕಿ ಉಂಡವರಲ್ಲ. ಆದುದರಿಂದ "ತಲೆತಲಾಂತರದಿಂದ ತಿನ್ನುತ್ತಿದ್ದೇವೆ" ಎಂಬ ಮಾತು ಅಡುಗೆಯ ಅರಿಶಿನಕ್ಕೆ ಹೊಂದುತ್ತದೆಯೇ ಹೊರತು ಗುಳಿಗೆಗೆ ಹೊಂದುವುದಿಲ್ಲ.

ಇನ್ನೊಂದು ವಿಷಯವುಂಟು. ಕುರ್ಕುಮಿನ್ ನೀರಿನಲ್ಲಿ ಕರಗದು; ನುಂಗಿದ್ದರಲ್ಲಿ ಬಹುಪಾಲು ರಕ್ತಕ್ಕೆ ಸೇರದೆಯೇ ಹೊರಹೋಗುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೊಂದು ಈ ದಿಕ್ಕಿನಲ್ಲಿ ಹೆಸರಾಯಿತು. 2 ಗ್ರಾಂ ಕುರ್ಕುಮಿನ್ ಜೊತೆಗೆ ಕರಿಮೆಣಸಿನ ಖಾರದ ಸತ್ವವಾದ ಪೈಪರಿನ್ ಅನ್ನು 20 ಮಿಲಿಗ್ರಾಂ ಸೇರಿಸಿ ಕೊಟ್ಟಾಗ ರಕ್ತಕ್ಕೆ ದೊರಕುವ ಕುರ್ಕುಮಿನ್ ಸುಮಾರು ಇಪ್ಪತ್ತು ಪಟ್ಟು ಹೆಚ್ಚಿತು. ಅಂದಿನಿಂದ ಅನೇಕ ಗುಳಿಗೆಗಳಿಗೆ ಮೆಣಸಿನ ಸತ್ವ ಸೇರಿಸುವುದು ರೂಢಿಗೆ ಬಂದಿದೆ. ಆದರೆ ಪೈಪರಿನ್ ಕುರ್ಕುಮಿನ್ ಒಂದನ್ನೇ ಆರಿಸಿ ಹೆಚ್ಚಿಸುವುದಿಲ್ಲ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್‌ನಂಥ ಔಷಧಿಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು. ಬೇರೆ ಔಷಧಿ ತೆಗೆದುಕೊಳ್ಳುವವರು ಇದನ್ನು ನೆನಪಿಡಬೇಕು.

ಪ್ರಯೋಗಗಳು ಏನು ಹೇಳುತ್ತವೆ?

ಸವೆತದ ಮಂಡಿನೋವಿಗೆ ಅರಿಶಿನದ ಸತ್ವದಿಂದ ಒಂದಿಷ್ಟು ಉಪಶಮನ ಸಿಗುತ್ತದೆ ಎಂಬುದಕ್ಕೆ ಆಧಾರವಿದೆ. 2014ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಪ್ರಯೋಗದಲ್ಲಿ 367 ಮಂದಿ ರೋಗಿಗಳಿದ್ದರು. ಕೆಲವರಿಗೆ ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಸತ್ವ, ಉಳಿದವರಿಗೆ 1200 ಮಿಲಿಗ್ರಾಂ ಐಬುಪ್ರೊಫೆನ್ ನೋವಿನ ಮಾತ್ರೆಯನ್ನು ನಾಲ್ಕು ವಾರ ಕೊಡಲಾಯಿತು. ಎರಡರಿಂದಲೂ ನೋವು ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿತು. ಹೊಟ್ಟೆನೋವಿನ ತೊಂದರೆ ಅರಿಶಿನದವರಲ್ಲಿ ಕಡಿಮೆಯಿತ್ತು.

2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಟಾಸ್ಮೇನಿಯಾದ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮಂಡಿಯಲ್ಲಿ ನೀರು ತುಂಬಿ ಊದಿದ್ದ 70 ಮಂದಿಗೆ ಹನ್ನೆರಡು ವಾರ ಸತ್ವವನ್ನೋ ಬರಿಯ ಹುಸಿ ಗುಳಿಗೆಯನ್ನೋ ಕೊಟ್ಟು, ಆಯಸ್ಕಾಂತದ ಸ್ಕ್ಯಾನಿಂಗ್‌ನಿಂದ ಮಂಡಿಯ ಒಳಭಾಗವನ್ನು ಅಳೆಯಲಾಯಿತು. ಸತ್ವ ತೆಗೆದುಕೊಂಡವರಿಗೆ ನೋವು ಹೆಚ್ಚು ತಗ್ಗಿತ್ತು, ಆದರೆ ಒಳಗಿನ ಊತ ಹುಸಿ ಗುಳಿಗೆಯವರಿಗಿಂತ ಕಡಿಮೆಯಾಗಿರಲಿಲ್ಲ. ನೋವು ಇಳಿದ ಮಾತ್ರಕ್ಕೆ ರೋಗ ಇಳಿಯಿತೆಂದು ತಿಳಿಯಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಸಲ್ಲಕಿ ಮರದ ಅಂಟಿನ ಬಗೆಗೂ ಇಂಥ ಪ್ರಯೋಗಗಳಾಗಿವೆ. 2003ರಲ್ಲಿ ನಾಗಪುರದ ವೈದ್ಯರು 30 ಮಂದಿ ಮಂಡಿನೋವಿನವರಿಗೆ ಎಂಟು ವಾರ ಅದರ ಸತ್ವ ಕೊಟ್ಟಾಗ ನೋವು ತಗ್ಗಿ ನಡೆಯುವ ದೂರ ಹೆಚ್ಚಿತು. ಆದರೆ ಮಂಡಿಯ ಎಕ್ಸ್-ರೇ ಚಿತ್ರದಲ್ಲಿ ಬದಲಾವಣೆ ಕಾಣಲಿಲ್ಲ. ಒಟ್ಟಿನಲ್ಲಿ ಹೇಳುವುದಾದರೆ, ಈ ಸತ್ವಗಳು ಸವೆತದ ನೋವಿಗೆ ಕೆಲವು ವಾರಗಳ ಮಟ್ಟಿಗೆ ನೆರವಾಗಬಲ್ಲವು. ಆಮವಾತದ ಔಷಧಿಗೆ ಬದಲಿ ಆಗಲಾರವು.

ಅಪಾಯಗಳು

ಯಕೃತ್ತಿಗೆ ಹಾನಿ: ಅರಿಶಿನದ ಗುಳಿಗೆ ನುಂಗಿದವರಲ್ಲಿ ಕೆಲವರಿಗೆ ಕಾಮಾಲೆ ಬಂದಿರುವುದು ಹಲವು ದೇಶಗಳಲ್ಲಿ ದಾಖಲಾಗಿದೆ. 2022ರಲ್ಲಿ ಅಮೆರಿಕದ ತಜ್ಞರು ಇಂಥ ಹತ್ತು ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಐವರು ಆಸ್ಪತ್ರೆ ಸೇರಬೇಕಾಯಿತು, ಒಬ್ಬರು ತೀರಿಕೊಂಡರು. ಹತ್ತರಲ್ಲಿ ಏಳು ಮಂದಿಗೆ ಹುಟ್ಟಿನಿಂದ ಬಂದ ಒಂದೇ ಬಗೆಯ ಅನುವಂಶಿಕ ಗುರುತು ಇತ್ತು. ಎಂದರೆ ಗುಳಿಗೆ ಎಲ್ಲರಿಗೂ ವಿಷವಲ್ಲ, ಕೆಲವರ ಮೈಗೆ ಮಾತ್ರ ಒಗ್ಗದು. ಆ ಕೆಲವರು ಯಾರೆಂದು ನೋಡಿ ಹೇಳಲಾಗದು. ಅಡುಗೆಯ ಪ್ರಮಾಣದ ಅರಿಶಿನದ ಬಗ್ಗೆ ಈ ಭಯ ಬೇಡ.

ಅಮೃತಬಳ್ಳಿಯ ವಿಷಯದಲ್ಲಿಯೂ ಇದೇ ಚರ್ಚೆ ನಡೆಯಿತು. ಕೋವಿಡ್ ಕಾಲದಲ್ಲಿ ದಿನವೂ ಅದರ ಕಷಾಯ ಕುಡಿದ ಆರು ಮಂದಿಗೆ ಯಕೃತ್ತಿನ ಉರಿಯೂತ ಬಂದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಕುಡಿದದ್ದು ಅಮೃತಬಳ್ಳಿಯೇ ಎಂಬುದು ಖಚಿತವಾಗಿಲ್ಲವೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಅಮೃತಬಳ್ಳಿಯನ್ನೇ ಹೋಲುವ, ಕಾಂಡದ ತುಂಬ ದಪ್ಪ ಗಂಟುಗಳಿರುವ ಇನ್ನೊಂದು ಜಾತಿಯ ಬಳ್ಳಿಯೂ ಇರುವುದು ನಿಜ. ವಾದ ಏನೇ ಇರಲಿ, ರೈತರು ಕಲಿಯಬೇಕಾದ ಪಾಠ ಎರಡು: ಗಿಡದ ಗುರುತು ಖಚಿತವಿಲ್ಲದೆ ಬೇಲಿಯ ಬಳ್ಳಿಯನ್ನು ಕಷಾಯಕ್ಕೆ ಹಾಕಕೂಡದು, ಯಾವ ಕಷಾಯವನ್ನೂ ತಿಂಗಳುಗಟ್ಟಲೆ ದಿನನಿತ್ಯದ ಅಭ್ಯಾಸ ಮಾಡಿಕೊಳ್ಳಕೂಡದು. ಅಶ್ವಗಂಧದ, ಎಂದರೆ ಹಿರೇಮದ್ದಿನ ಗುಳಿಗೆಗಳಿಂದಲೂ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳು ವರದಿಯಾಗಿವೆ.

ಕಲಬೆರಕೆ ಪುಡಿಗಳು: ಎಲ್ಲಕ್ಕಿಂತ ದೊಡ್ಡ ಅಪಾಯ ಇದು. ಗಿಡಮೂಲಿಕೆಯೆಂದು ಮಾರುವ ಕೆಲವು ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಮತ್ತು ನೋವಿನ ಮಾತ್ರೆಗಳನ್ನು ಅರೆದು ಬೆರೆಸಿರುತ್ತಾರೆ. 2022ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಇಂಥ ಒಂದು ಕೀಲುನೋವಿನ ಮೂಲಿಕೆ ಮಾತ್ರೆಯನ್ನು ಪರೀಕ್ಷಿಸಿದಾಗ ಅದರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮತ್ತು ಡೈಕ್ಲೋಫೆನಾಕ್ ಎರಡೂ ಇದ್ದವು. ಚೀಟಿಯಲ್ಲಿ ಎರಡರ ಹೆಸರೂ ಇರಲಿಲ್ಲ. ಮೂಲಿಕೆ ನಿಧಾನವಾಗಿ ಕೆಲಸ ಮಾಡುವಂಥದು. ವರ್ಷಗಳ ನೋವು ಒಂದೇ ದಿನದಲ್ಲಿ ಮಾಯವಾದರೆ ಸಂತೋಷಪಡುವ ಮೊದಲು ಸಂಶಯಪಡಬೇಕು. ಹಸಿವು ವಿಪರೀತ ಹೆಚ್ಚುವುದು, ಮುಖ ಗುಂಡಗೆ ಊದಿಕೊಳ್ಳುವುದು, ಚರ್ಮ ತೆಳ್ಳಗಾಗಿ ಮುಟ್ಟಿದಲ್ಲೆಲ್ಲ ಕಂದುವುದು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಏರುವುದು ಸ್ಟೀರಾಯ್ಡಿನ ಗುರುತುಗಳು.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ: ಇಂಥ ಪುಡಿಯನ್ನು ಹಲವು ವಾರಗಳಿಂದ ತಿನ್ನುತ್ತಿರುವವರು ಹೆದರಿ ಥಟ್ಟನೆ ನಿಲ್ಲಿಸಕೂಡದು. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದಾಗ ದೇಹ ತನ್ನದನ್ನು ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಒಮ್ಮೆಲೇ ಬಿಟ್ಟರೆ ವಾಂತಿ, ನಿತ್ರಾಣ, ರಕ್ತದೊತ್ತಡದ ಕುಸಿತ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಪೊಟ್ಟಣವನ್ನು ಕೈಯಲ್ಲಿ ಹಿಡಿದು ಅಂದೇ ವೈದ್ಯರ ಬಳಿ ಹೋಗಿ, ಅವರು ಹೇಳಿದಂತೆ ಹಂತ ಹಂತವಾಗಿ ಬಿಡಬೇಕು.

ಬಣ್ಣ ಹಾಕಿದ ಅರಿಶಿನ: ಕೊಂಬು ಹೊಳೆಯಲೆಂದು ಸೀಸದ ಕ್ರೋಮೇಟ್ ಬಳಿಯುವ ದುರಭ್ಯಾಸ ಕೆಲವೆಡೆ ಇತ್ತು, ಇದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿಸುವ ವಿಷ. ಬಾಂಗ್ಲಾದೇಶದಲ್ಲಿ 2019ರಲ್ಲಿ ಪರೀಕ್ಷಿಸಿದ ಮಾರುಕಟ್ಟೆ ಅರಿಶಿನದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಸಿಕ್ಕಿತು. ಸರ್ಕಾರ ಬಿಗಿ ಕ್ರಮ ಕೈಗೊಂಡ ಮೇಲೆ 2021ರ ವೇಳೆಗೆ ಅದು ಸೊನ್ನೆಗೆ ಇಳಿಯಿತು. ಮನಸ್ಸು ಮಾಡಿದರೆ ನಿಲ್ಲಿಸಬಹುದೆಂಬುದಕ್ಕೆ ಇದು ಸಾಕ್ಷಿ. ಕೊಂಬನ್ನು ಒಂದು ಲೋಟ ನೀರಿಗೆ ಹಾಕಿ ನೋಡಿ. ಶುದ್ಧ ಕೊಂಬು ಕೂಡಲೇ ಬಣ್ಣ ಬಿಡುವುದಿಲ್ಲ. ಬಣ್ಣ ಬಳಿದದ್ದು ಹಾಕಿದೊಡನೆ ನೀರನ್ನು ಗಾಢ ಹಳದಿ ಮಾಡುತ್ತದೆ.

ಯಾರು ಅರಿಶಿನದ ಗುಳಿಗೆ ತೆಗೆದುಕೊಳ್ಳಕೂಡದು?

ವೈದ್ಯರ ಒಪ್ಪಿಗೆಯಿಲ್ಲದೆ ಈ ಕೆಳಗಿನವರು ಬಳಸತಕ್ಕದ್ದಲ್ಲ:
1. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು.
2. ಹಿಂದೆ ಕಾಮಾಲೆ ಅಥವಾ ಯಕೃತ್ತಿನ ರೋಗ ಆಗಿದ್ದವರು, ಮದ್ಯಪಾನದ ಚಟವಿರುವವರು.
3. ಪಿತ್ತಕೋಶದಲ್ಲಿ ಅಥವಾ ಮೂತ್ರಪಿಂಡದಲ್ಲಿ ಕಲ್ಲು ಇರುವವರು.
4. ಹೃದ್ರೋಗಕ್ಕಾಗಿ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು.
5. ಸಕ್ಕರೆ ಕಾಯಿಲೆ, ಮೂರ್ಛೆರೋಗ, ಕ್ಷಯ ಮೊದಲಾದವಕ್ಕೆ ಔಷಧಿ ನಡೆಯುತ್ತಿರುವವರು.
6. ರಕ್ತಹೀನತೆ ಇರುವವರು, ಹೆಚ್ಚು ಪ್ರಮಾಣದ ಕುರ್ಕುಮಿನ್ ಕಬ್ಬಿಣಾಂಶ ಮೈಗೂಡದಂತೆ ತಡೆಯಬಲ್ಲದು.
7. ಎರಡು ವಾರದೊಳಗೆ ಶಸ್ತ್ರಚಿಕಿತ್ಸೆ ಆಗಬೇಕಾದವರು.

ಬಳಸುವುದಾದರೆ ಹೇಗೆ?

ಸವೆತದ ಮಂಡಿನೋವೆಂದು ವೈದ್ಯರಿಂದ ಖಚಿತವಾದ ಮೇಲೆ, ಅವರ ಸಲಹೆಯಂತೆ ಬಳಸಬಹುದು. ತಯಾರಕರ ಹೆಸರು ಮತ್ತು ವಿಳಾಸ, ಲೈಸೆನ್ಸ್ ಸಂಖ್ಯೆ, ತಂಡದ ಸಂಖ್ಯೆ, ತಯಾರಾದ ದಿನಾಂಕ, ಒಳಗಿರುವ ವಸ್ತುಗಳ ಪಟ್ಟಿ ಇಷ್ಟೂ ಇರುವ ಡಬ್ಬಿಯನ್ನೇ ರಸೀದಿ ಸಹಿತ ಕೊಳ್ಳಬೇಕು. ಆಹಾರ ಪೂರಕವಾಗಿದ್ದರೆ 14 ಅಂಕಿಯ ಆಹಾರ ಸುರಕ್ಷತಾ ಸಂಖ್ಯೆ ಇರಬೇಕು. ಆಯುರ್ವೇದ ಔಷಧಿಯಾಗಿದ್ದರೆ ಆಯುಷ್ ಲೈಸೆನ್ಸ್ ಸಂಖ್ಯೆ ಇರಬೇಕು. ಒಂದೇ ಬಾರಿಗೆ ಎರಡು ಮೂರು ಬಗೆಯ ಗುಳಿಗೆಗಳನ್ನು ಆರಂಭಿಸಬಾರದು. ತೊಂದರೆಯಾದರೆ ಯಾವುದರಿಂದೆಂದು ತಿಳಿಯದು. ಆರರಿಂದ ಎಂಟು ವಾರಗಳಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಬೇಕು. ಊಟ ಸೇರದಿರುವುದು, ವಾಕರಿಕೆ, ಮೈ ತುರಿಕೆ, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಒಂದು ಕಂಡರೂ ಗುಳಿಗೆಯನ್ನು ಅಂದೇ ಬಿಟ್ಟು ಆಸ್ಪತ್ರೆಗೆ ಹೋಗತಕ್ಕದ್ದು.

ಖರ್ಚಿಲ್ಲದ ಉಪಾಯಗಳು

ಮಂಡಿನೋವಿಗೆ ಗುಳಿಗೆಗಿಂತ ಹೆಚ್ಚು ಖಾತ್ರಿಯಾದ ಉಪಾಯಗಳು ಮನೆಯಲ್ಲಿಯೇ ಇವೆ.

ತೂಕ ಇಳಿಸುವುದು: ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಒತ್ತಡ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಐದು ಕಿಲೋ ಇಳಿಸಿದವರು ಹೆಜ್ಜೆ ಹೆಜ್ಜೆಗೂ ಇಪ್ಪತ್ತು ಕಿಲೋ ಹೊರೆ ಇಳಿಸಿದಂತೆ.

ತೊಡೆಯ ವ್ಯಾಯಾಮ: ಕುರ್ಚಿ ಅಥವಾ ಜಗಲಿಯ ಮೇಲೆ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ತೊಡೆ ಬಿಗಿ ಹಿಡಿದು, ಹತ್ತು ಎಣಿಸಿ ಇಳಿಸಬೇಕು. ಪ್ರತಿ ಕಾಲಿಗೂ ಹತ್ತು ಸಲ, ಬೆಳಿಗ್ಗೆ ಮತ್ತು ಸಂಜೆ. ಹೊಲದ ದುಡಿಮೆಯೇ ವ್ಯಾಯಾಮವೆಂದು ಇದನ್ನು ಬಿಡಬಾರದು. ದುಡಿಮೆ ಕೀಲನ್ನು ಸವೆಸುತ್ತದೆ, ಈ ವ್ಯಾಯಾಮ ಕೀಲಿಗೆ ಆಸರೆಯಾದ ಸ್ನಾಯುವನ್ನು ಬಲಪಡಿಸುತ್ತದೆ.

ಕುಳಿತು ಮಾಡುವ ಕೆಲಸ ತಗ್ಗಿಸುವುದು: ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆಯುವ ಬದಲು ನಿಂತು ನಡೆಸುವ ಉದ್ದ ಹಿಡಿಯ ಕಳೆ ಉಪಕರಣ, ಹಾಲು ಕರೆಯಲು ಗಿಡ್ಡ ಸ್ಟೂಲು, ವಯಸ್ಸಾದವರಿಗೆ ಕುರ್ಚಿಯಂಥ ಶೌಚದ ಪೀಠ ಇವು ಮಂಡಿಗೆ ಬಹಳ ವಿಶ್ರಾಂತಿ ಕೊಡುತ್ತವೆ.

ಶಾಖ: ಲಕ್ಕಿ ಸೊಪ್ಪನ್ನು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುವ ಪದ್ಧತಿ ಒಳ್ಳೆಯದೇ. ಶಾಖದಿಂದ ಬಿಗಿದ ಸ್ನಾಯು ಸಡಿಲುತ್ತದೆ. ಕೆಂಪೇರಿ ಬಿಸಿಯಾಗಿರುವ ಕೀಲಿಗೆ ಶಾಖ ಬೇಡ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಸುಟ್ಟುಕೊಳ್ಳದಂತೆ ಎಚ್ಚರ ವಹಿಸಬೇಕು. ಎಕ್ಕದ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು.

ಬೀಡಿ ಬಿಡುವುದು: ಧೂಮಪಾನದಿಂದ ಆಮವಾತದ ಸಂಭವ ಹೆಚ್ಚುತ್ತದೆ, ಬಂದ ರೋಗ ಉಲ್ಬಣಿಸುತ್ತದೆ.

ಅಂಗಡಿಯ ನೋವಿನ ಮಾತ್ರೆಯನ್ನು ದಿನವೂ ನುಂಗುವುದೂ ತಪ್ಪು. ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ ಆಗಬಹುದು. ಬಿಸಿಲಿನಲ್ಲಿ ಬೆವರಿ, ನೀರು ಕುಡಿಯದೆ ದುಡಿಯುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಮಂಡಿಯ ಸವೆತಕ್ಕೆ ಮೇಲೆ ಹಚ್ಚುವ ನೋವಿನ ಮುಲಾಮು ನುಂಗುವ ಮಾತ್ರೆಗಿಂತ ಸುರಕ್ಷಿತ.

ಅರಿಶಿನ ಬೆಳೆಗಾರರಿಗೂ ಸ್ವಸಹಾಯ ಸಂಘಗಳಿಗೂ ಒಂದು ಮಾತು

ಚಾಮರಾಜನಗರ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಅರಿಶಿನ ಬೆಳೆಗಾರರಿಗೂ ಪುಡಿ ಮಾಡಿ ಮಾರುವ ಸಂಘಗಳಿಗೂ ಈ ವಿಷಯ ಸಂಬಂಧಿಸಿದೆ. ಕೊಂಬನ್ನು ಹದವಾಗಿ ಬೇಯಿಸಿ, ಚೆನ್ನಾಗಿ ಒಣಗಿಸಿ, ಬಣ್ಣ ಹಾಕದೆ ಪಾಲಿಶ್ ಮಾಡಬೇಕು. ಪುಡಿಯನ್ನು ಬೆಳಕು ಬೀಳದ ಡಬ್ಬಿಯಲ್ಲಿಡಬೇಕು. ಬಿಸಿಲು ತಾಗಿದರೆ ಕುರ್ಕುಮಿನ್ ಕ್ಷೀಣಿಸಿ ಬಣ್ಣ ಮಾಸುತ್ತದೆ. ಹೆಚ್ಚು ಕುರ್ಕುಮಿನ್ ಇರುವ ತಳಿ ಬೆಳೆದು ಪರೀಕ್ಷಾ ವರದಿಯೊಡನೆ ಮಾರಿದರೆ ಸತ್ವ ತೆಗೆಯುವ ಕಾರ್ಖಾನೆಗಳಿಂದ ಉತ್ತಮ ಬೆಲೆ ಕೇಳಲು ಆಧಾರವಿರುತ್ತದೆ. ಆದರೆ ಪೊಟ್ಟಣದ ಮೇಲೆ "ಸಂಧಿವಾತ ಗುಣಪಡಿಸುತ್ತದೆ" ಎಂದು ಅಚ್ಚು ಹಾಕಿಸಕೂಡದು. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯೂ 2018ರ ಆಹಾರ ಜಾಹೀರಾತು ನಿಯಮಗಳೂ ಇದಕ್ಕೆ ಅಡ್ಡ ಬರುತ್ತವೆ.

ಪ್ರಶ್ನೋತ್ತರ

ಪ್ರಶ್ನೆ: ರಾತ್ರಿ ಮಲಗುವಾಗ ಹಾಲಿಗೆ ಅರಿಶಿನ ಹಾಕಿ ಕುಡಿಯಬಹುದೇ?
ಉತ್ತರ: ಧಾರಾಳವಾಗಿ ಕುಡಿಯಬಹುದು. ಕಾಲು ಚಮಚ ಅರಿಶಿನ, ಒಂದೆರಡು ಕಾಳು ಮೆಣಸಿನ ಪುಡಿ ಸಾಕು. ಅದು ಆಹಾರ. ಅದರಿಂದ ಕೀಲುರೋಗ ಗುಣವಾಗುತ್ತದೆಂದು ಕಾಯುತ್ತ ಕೂರಬೇಡಿ.

ಪ್ರಶ್ನೆ: ಆಸ್ಪತ್ರೆಯ ಮಾತ್ರೆಯೊಡನೆ ನಾಟಿ ಔಷಧಿಯನ್ನೂ ತೆಗೆದುಕೊಳ್ಳುತ್ತಿದ್ದೇನೆ. ವೈದ್ಯರಿಗೆ ಹೇಳಿದರೆ ಬೈಯುತ್ತಾರೆಂದು ಹೇಳಿಲ್ಲ.
ಉತ್ತರ: ಹೇಳಲೇಬೇಕು. ಡಬ್ಬಿಯನ್ನೋ ಪೊಟ್ಟಣವನ್ನೋ ಜೊತೆಗೆ ತೆಗೆದುಕೊಂಡು ಹೋಗಿ. ಆಮವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಔಷಧಿಯೂ ಯಕೃತ್ತಿನ ಮೇಲೆ ಪರಿಣಾಮ ಬೀರುವಂಥದು. ಜೊತೆಗೆ ಬೇರೇನು ಹೋಗುತ್ತಿದೆಯೆಂದು ತಿಳಿಯದಿದ್ದರೆ ವೈದ್ಯರಿಗೂ ದಾರಿ ಕಾಣದು.

ಪ್ರಶ್ನೆ: ನಮ್ಮ ತಾಯಿಯ ಬೆರಳುಗಳು ಮೂರು ತಿಂಗಳಿಂದ ಊದಿವೆ. ಎಲ್ಲಿಗೆ ಕರೆದುಕೊಂಡು ಹೋಗಬೇಕು?
ಉತ್ತರ: ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತೋರಿಸಿ, ಅವರ ಚೀಟಿಯೊಡನೆ ಜಿಲ್ಲಾ ಆಸ್ಪತ್ರೆಗೆ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸುಗ್ಗಿ ಮುಗಿಯಲಿ ಎಂದು ಕಾಯಬೇಡಿ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಗ್ರಾಮಸಭೆ ಮತ್ತು ಮಹಿಳಾ ಸಂಘಗಳ ಸಭೆಗಳಲ್ಲಿ ಈ ನಾಲ್ಕು ಅಂಶಗಳನ್ನು ತಪ್ಪದೆ ತಿಳಿಸಬೇಕು: (1) ಬೆಳಗಿನ ಬಿಗಿತ ಒಂದು ಗಂಟೆ ಮೀರಿದರೆ, ಬೆರಳಿನ ಗಂಟುಗಳ ಊತ ಆರು ವಾರ ಮೀರಿದರೆ ಪರೀಕ್ಷೆ ಅಗತ್ಯ. (2) ಅಡುಗೆಯ ಅರಿಶಿನ ನಿರಪಾಯಕಾರಿ. ಗುಳಿಗೆಯನ್ನು ಔಷಧಿಯೆಂದೇ ಎಣಿಸಬೇಕು. (3) ಹೆಸರಿಲ್ಲದ ಪುಡಿ ಬೇಡ. ತಿನ್ನುತ್ತಿರುವವರು ವೈದ್ಯರ ಸಲಹೆಯಿಲ್ಲದೆ ಥಟ್ಟನೆ ಬಿಡುವುದೂ ಬೇಡ. (4) ಕಣ್ಣು ಹಳದಿಯಾದರೆ ತಡಮಾಡಬಾರದು. ಫ್ಲೋರೈಡ್ ಶಂಕೆಯಿರುವ ಊರುಗಳಲ್ಲಿ ನೀರಿನ ಪರೀಕ್ಷೆಗೂ, ದನಗಳು ಕಂದು ಹಾಕುತ್ತಿರುವ ಊರುಗಳಲ್ಲಿ ಪಶುವೈದ್ಯರ ಭೇಟಿಗೂ ಏರ್ಪಾಡು ಮಾಡಿಸಬೇಕು.

ರಾಸು ಕುಂಟಿದರೆ ಅಂದೇ ಪಶುವೈದ್ಯರನ್ನು ಕರೆಸುವ ರೈತರು ತಮ್ಮ ಮಂಡಿಯನ್ನು ಮಾತ್ರ ವರ್ಷಗಟ್ಟಲೆ ಪುಡಿಯ ಪೊಟ್ಟಣಕ್ಕೆ ಒಪ್ಪಿಸುವುದು ನ್ಯಾಯವಲ್ಲ. ಕಾರಣ ತಿಳಿದು ಉಪಚಾರ ಮಾಡಿಸಿಕೊಂಡರೆ ದುಡಿಯುವ ಕೈಕಾಲುಗಳು ಇನ್ನೂ ಬಹುಕಾಲ ಬಾಳುತ್ತವೆ.